ಕಾಡುನೆಲ್ಲಿಯೋ ಇಟ್ಟುನೆಲ್ಲಿಯೋ? ಕಾಯಿಗಿಂತ ಮೊದಲು ಕಡ್ಡಿ ನೋಡಿ

ಸಂಶಯವೇ ಬೇಡದ ಸಂಗತಿಯನ್ನು ಅಂಗೈ ನೆಲ್ಲಿಕಾಯಿ ಎನ್ನುವುದು ನಮ್ಮ ವಾಡಿಕೆ. ಗಿಡ ಗುರುತಿಸಲು ಹೊರಟವರಿಗೆ ಮಾತ್ರ ಆ ಮಾತು ತಿರುಗಿ ಹೊಡೆಯುತ್ತದೆ. ಅಂಗೈಯಲ್ಲಿ ಬರೀ ಕಾಯಿ ಇಟ್ಟುಕೊಂಡು ಅದು ಯಾವ ನೆಲ್ಲಿ ಎಂದು ಹೇಳುವುದು ಕಷ್ಟ. ಗಾತ್ರ ಮರದಿಂದ ಮರಕ್ಕೆ ಬದಲಾಗುತ್ತದೆ, ಮಳೆ ಕಡಿಮೆಯಾದ ವರ್ಷ ಅದೇ ಮರದ ಕಾಯಿ ಸಣ್ಣದಾಗುತ್ತದೆ. ಹುಳಿ, ಒಗರು, ಮೇಲೆ ನೀರು ಕುಡಿದಾಗ ಬರುವ ಸಿಹಿ, ಇವೆಲ್ಲ ಎರಡು ಮೂರು ಜಾತಿಗಳಿಗೆ ಸಮಾನ. ಆದ್ದರಿಂದ ಇಲ್ಲಿ ಹೇಳುವ ಕ್ರಮ ಉಲ್ಟಾ: ಮೊದಲು ಕಡ್ಡಿ, ಆಮೇಲೆ ಎಲೆ, ಆಮೇಲೆ ಹೂ, ಕಾಯಿ ಕೊನೆಗೆ.

ನೆಲ್ಲಿ ಎಂಬ ಹೆಸರು ಹೊತ್ತ ಗಿಡಗಳು ಕರ್ನಾಟಕದಲ್ಲಿ ಹಲವು ಇವೆ. ಕಾಡಿನ ದೊಡ್ಡ ನೆಲ್ಲಿ ಫಿಲ್ಲಾಂಥಸ್ ಎಂಬ್ಲಿಕಾ. ಅದರ ಹತ್ತಿರದ ದಾಯಾದಿ ಫಿಲ್ಲಾಂಥಸ್ ಇಂಡೋಫಿಷೆರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಇಟ್ಟುನೆಲ್ಲಿ ಎನ್ನುತ್ತಾರೆ. ಹಿತ್ತಲಲ್ಲಿ ಬೆಳೆಯುವ, ಏಣೇಣಾದ ಕಾಯಿಯ ಮರಕ್ಕೆ ಒಂದೂರಲ್ಲಿ ಕಿರುನೆಲ್ಲಿ, ಇನ್ನೊಂದೂರಲ್ಲಿ ರಾಜನೆಲ್ಲಿ, ಮತ್ತೊಂದೂರಲ್ಲಿ ಅರೆನೆಲ್ಲಿ. ಹೊಲದ ಬದುವಿನಲ್ಲಿ ಗೇಣುದ್ದ ಬೆಳೆಯುವ ಸಸಿಗೂ ನೆಲನೆಲ್ಲಿ ಎಂದೂ ಕಿರುನೆಲ್ಲಿ ಎಂದೂ ಹೆಸರು. ಹೀಗೆ ಕಿರುನೆಲ್ಲಿ ಎಂಬ ಒಂದೇ ಪದ ಒಂದು ಮರಕ್ಕೂ ಒಂದು ಕಳೆಗೂ ಅಂಟಿಕೊಂಡಿದೆ. ಔಷಧಿಗೆಂದು ಸೊಪ್ಪು ತರಿಸುವವರು ಎಡವುವುದು ಇಲ್ಲೇ.

ಮೊದಲ ಪರೀಕ್ಷೆ: ಅದು ಎಲೆಯೋ ಕಡ್ಡಿಯೋ

ನೆಲ್ಲಿಯ ಗರಿಯಂಥ ರಚನೆಯನ್ನು ಹುಣಸೆಯ ಎಲೆಯಂತೆ ಒಂದು ಸಂಯುಕ್ತ ಎಲೆ ಎಂದು ಬಹುಪಾಲು ಜನ ಭಾವಿಸುತ್ತಾರೆ. ಅಲ್ಲ. ನೆಲ್ಲಿಯಲ್ಲಿ ಆ ಇಡೀ ಗರಿ ಒಂದು ಎಳೆ ಕಡ್ಡಿ. ಅದರ ಮೇಲಿನ ಒಂದೊಂದು ಚಿಕ್ಕ ಪಟ್ಟಿಯೂ ಒಂದೊಂದು ಪೂರ್ಣ ಎಲೆ. ಇದನ್ನು ನಿಮ್ಮ ಕಣ್ಣಾರೆ ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬೇಡಿ, ಏಕೆಂದರೆ ಮುಂದಿನ ಎಲ್ಲ ಗುರುತುಗಳೂ ಇದರ ಮೇಲೆ ನಿಂತಿವೆ.

10 ಪಟ್ಟು ಹಿಗ್ಗಿಸುವ ಕೈಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಡ್ಡಿಯನ್ನು ಅದರತ್ತ ತನ್ನಿ. ಪ್ರತಿ ಎಲೆಯ ಬುಡದ ಎರಡೂ ಪಕ್ಕ ಸುಮಾರು 1 ಮಿ.ಮೀ. ಉದ್ದದ, ಕಂದು ಬಣ್ಣದ ಮೊನಚಾದ ಕಾವಿನೆಲೆಗಳು ಕಾಣಬೇಕು. ಎಲೆಗಳು ಎದುರುಬದುರಾಗಿಲ್ಲ, ಎರಡೇ ಸಾಲಿನಲ್ಲಿ, ಆದರೆ ಒಂದು ಬಿಟ್ಟು ಒಂದು ಪಕ್ಕಕ್ಕೆ ಹೊರಟಿರುತ್ತವೆ. ಕಡ್ಡಿಯ ತುದಿಯಲ್ಲಿ ಇನ್ನೂ ಅರಳುತ್ತಿರುವ ಪುಟಾಣಿ ಎಲೆಗಳಿರಬಹುದು. ಹೂಗಾಲದಲ್ಲಾದರೆ ಉತ್ತರ ಇನ್ನೂ ಸುಲಭ: ಎಲೆಯ ಕಂಕುಳಲ್ಲೇ ಹೂ ಇರುತ್ತದೆ. ಹುಣಸೆ, ಬನ್ನಿ, ಕಗ್ಗಲಿಯಂಥ ಮರಗಳ ಕಿರುಎಲೆಯ ಕಂಕುಳಲ್ಲಿ ಹೂವಾಗಲಿ ಮೊಗ್ಗಾಗಲಿ ಎಂದೂ ಬರುವುದಿಲ್ಲ. ಮೊಗ್ಗು ಇರುವುದು ಇಡೀ ಎಲೆದಂಟಿನ ಬುಡದಲ್ಲಿ ಮಾತ್ರ.

ಆ ಕಡ್ಡಿ ಹೊರಟಿರುವ ದಪ್ಪ ರೆಂಬೆಯನ್ನೂ ನೋಡಿ. ಅದರ ಮೇಲೆ ಹಸಿರು ಎಲೆ ಇರುವುದಿಲ್ಲ, ಒಣಗಿದ ಚಿಕ್ಕ ಹುರುಪೆಗಳಿರುತ್ತವೆ. ಎಲೆ ಹೊರುವ ಕೆಲಸ ಪಕ್ಕದ ಎಳೆ ಕಡ್ಡಿಗಳದ್ದು. ಬೇಸಿಗೆಯ ಮುಂಚೆ ಮರ ಬೋಳಾಗುವಾಗ ಈ ಕಡ್ಡಿಗಳು ಎಲೆಸಹಿತ ಉದುರುತ್ತವೆ. ಆಗ ರೆಂಬೆಯ ಮೇಲೆ ಗಂಟು ಗಂಟಾದ ಗುಬುಟುಗಳು ಉಳಿಯುತ್ತವೆ. ಬೋಳು ಮರವನ್ನು ನೆಲ್ಲಿ ಎಂದು ಹೇಳಲು ಆ ಗುಬುಟುಗಳೂ ಬುಡದಲ್ಲಿ ಬಿದ್ದ ಕಡ್ಡಿಗಳೂ ಸಾಕು.

ಈ ಅಭ್ಯಾಸಕ್ಕೆ ಕಾಡಿಗೆ ಹೋಗಬೇಕೆಂದಿಲ್ಲ. ಕಾರ್ತಿಕದ ಉತ್ಥಾನ ದ್ವಾದಶಿಗೆ ತುಳಸಿಕಟ್ಟೆಯಲ್ಲಿ ನೆಡಲು ಸಂತೆಯಲ್ಲಿ ಕಾಯಿಬಿಟ್ಟ ನೆಲ್ಲಿಕೊಂಬೆ ಮಾರುತ್ತಾರೆ. ಪೂಜೆ ಮುಗಿದ ಮೇಲೆ ಆ ಕೊಂಬೆಯನ್ನು ಎಸೆಯುವ ಬದಲು ಬಿಳಿ ಕಾಗದದ ಮೇಲೆ ಬಿಡಿಸಿ ನೋಡಿ. ಹುಣಸೆಯ ಒಂದು ಎಲೆಯನ್ನು ಪಕ್ಕದಲ್ಲಿಟ್ಟರೆ ಮೇಲೆ ಹೇಳಿದ್ದೆಲ್ಲ ಐದು ನಿಮಿಷದಲ್ಲಿ ತಿಳಿಯುತ್ತದೆ.

ಎಂಬ್ಲಿಕಾ, ಇಂಡೋಫಿಷೆರಿ: ಎಲೆಯ ಅಗಲ ಅಳೆಯಿರಿ

ಇಂಡೋಫಿಷೆರಿಯ ಹೆಸರಿನ ಹಿಂದೆ ಒಂದು ಸಣ್ಣ ಕಥೆ ಇದೆ. ಮದರಾಸು ಪ್ರಾಂತದ ಸಸ್ಯಸಂಪತ್ತನ್ನು ದಾಖಲಿಸಿದ ಗ್ಯಾಂಬಲ್ ಇದನ್ನು ಎಂಬ್ಲಿಕಾ ಫಿಷೆರಿ ಎಂದು ಕರೆದರು. ಅವರ ಕೆಲಸವನ್ನು ಮುಂದುವರಿಸಿ ಮುಗಿಸಿದ ಅರಣ್ಯಾಧಿಕಾರಿ ಫಿಷರ್ ಅವರ ಹೆಸರದು. ಎಂಬ್ಲಿಕಾ ಕುಲವನ್ನು ಫಿಲ್ಲಾಂಥಸ್ ಕುಲಕ್ಕೆ ಸೇರಿಸಿದಾಗ ಫಿಲ್ಲಾಂಥಸ್ ಫಿಷೆರಿ ಎಂಬ ಹೆಸರು ಆಫ್ರಿಕಾದ ಬೇರೊಂದು ಗಿಡಕ್ಕೆ ಆಗಲೇ ಹೋಗಿತ್ತು. ಹಾಗಾಗಿ ಇದು ಇಂಡೋಫಿಷೆರಿ ಆಯಿತು. ಈಚೆಗೆ ಎಂಬ್ಲಿಕಾವನ್ನು ಮತ್ತೆ ಪ್ರತ್ಯೇಕ ಕುಲ ಮಾಡಿದವರೂ ಇದ್ದಾರೆ. ಹಳೆಯ ಪುಸ್ತಕದ ಎಂಬ್ಲಿಕಾ ಅಫಿಸಿನಾಲಿಸ್, ಹೊಸ ಪಟ್ಟಿಯ ಫಿಲ್ಲಾಂಥಸ್ ಎಂಬ್ಲಿಕಾ ಎರಡೂ ಒಂದೇ ಮರ. ಹೆಸರು ಬೇರೆಯಾದ ಮಾತ್ರಕ್ಕೆ ಜಾತಿ ಬೇರೆ ಎಂದುಕೊಳ್ಳಬೇಡಿ.

ಎಂಬ್ಲಿಕಾದ ಎಲೆ ಸಪೂರ. ಉದ್ದ ಸಾಮಾನ್ಯವಾಗಿ 1 ರಿಂದ 2 ಸೆಂ.ಮೀ., ಅಗಲ 2 ರಿಂದ 4 ಮಿ.ಮೀ. ಅಂದರೆ ಉದ್ದ ಅಗಲಕ್ಕಿಂತ ಸುಮಾರು ನಾಲ್ಕೈದು ಪಟ್ಟು. ಎಲೆಗಳು ಒತ್ತೊತ್ತಾಗಿ ಕೂತು, ದೂರದಿಂದ ಹಕ್ಕಿಯ ಗರಿಯಂತೆ ಮೃದುವಾಗಿ ಕಾಣುತ್ತವೆ. ಇಟ್ಟುನೆಲ್ಲಿಯ ಎಲೆ ಎದ್ದು ಕಾಣುವಷ್ಟು ಅಗಲ. ಉದ್ದಕ್ಕೆ ಹೋಲಿಸಿದರೆ ಅಗಲ ಹೆಚ್ಚಾದ್ದರಿಂದ ಪಟ್ಟಿಯ ಆಕಾರ ಹೋಗಿ ಆಯತಾಕಾರಕ್ಕೆ ತಿರುಗುತ್ತದೆ, ಕಡ್ಡಿಗೆ ಗರಿಯ ನವಿರು ಇರುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಸೂರವೇ ಬೇಡ. ಒಂದೇ ಸಿಕ್ಕಾಗಲೇ ತೊಂದರೆ, ಆಗ ಅಳತೆ ಬೇಕು.

ಅಳೆಯುವ ಕ್ರಮ ಹೀಗಿರಲಿ. ಬಲಿತ ಮರದಲ್ಲಿ, ಬಿಸಿಲು ಬೀಳುವ ಕಡೆಯಿಂದ, ಕಾಯಿ ಅಥವಾ ಹೂ ಹೊತ್ತ ಮೂರು ಕಡ್ಡಿ ಆರಿಸಿ; ಬುಡದಿಂದ ಎದ್ದ ಚಿಗುರು ಬೇಡ. ಪ್ರತಿ ಕಡ್ಡಿಯ ಬುಡದ ಮತ್ತು ತುದಿಯ ಎಲೆಗಳನ್ನು ಬಿಟ್ಟು, ನಡುವಿನಿಂದ ಹತ್ತು ಎಲೆ. ಒಟ್ಟು ಮೂವತ್ತು. ಒಂದೊಂದರ ಉದ್ದವನ್ನೂ ಅತಿ ಅಗಲವಾದ ಜಾಗದ ಅಗಲವನ್ನೂ ಮಿ.ಮೀ.ನಲ್ಲಿ ಬರೆದು, ಉದ್ದವನ್ನು ಅಗಲದಿಂದ ಭಾಗಿಸಿ. ಮೂವತ್ತರ ಸರಾಸರಿ ನಾಲ್ಕಕ್ಕಿಂತ ಮೇಲಿದ್ದರೆ ಎಂಬ್ಲಿಕಾ ಎಂದು ಹೆಚ್ಚುಕಡಿಮೆ ನಿರ್ಧರಿಸಬಹುದು. ತೀರ ಕೆಳಗಿದ್ದರೆ ಇಟ್ಟುನೆಲ್ಲಿಯ ಕಡೆಗೆ ವಾಲಿ, ಉಳಿದ ಗುರುತು ನೋಡಿ. ನಡುವೆ ಸಿಕ್ಕಿಬಿದ್ದರೆ ಇನ್ನೆರಡು ಮರ ಅಳೆಯಿರಿ. ಒಂದೇ ಮರದಿಂದ ತೀರ್ಪು ಬೇಡ.

ಚಿಗುರಿನ ಎಲೆ ಏಕೆ ಬೇಡ? ಕಡಿದ ಬುಡದಿಂದ ಎದ್ದ ಚಿಗುರಿನಲ್ಲೂ ಎಳೆ ಸಸಿಯಲ್ಲೂ ಎಲೆ ವಾಡಿಕೆಗಿಂತ ದೊಡ್ಡದಾಗಿ, ಸಡಿಲವಾಗಿ ಬರುತ್ತದೆ. ಕಾಯಿ ಕೀಳಲು ರೆಂಬೆ ಕಡಿದ ಕಾಡುಗಳಲ್ಲಿ ಇಂಥ ಚಿಗುರೇ ಕೈಗೆ ಎಟುಕುವ ಎತ್ತರದಲ್ಲಿರುತ್ತದೆ. ಅದನ್ನೇ ಅಳೆದರೆ ಎಂಬ್ಲಿಕಾ ಕೂಡ ಇಟ್ಟುನೆಲ್ಲಿಯಂತೆ ಕಂಡೀತು.

ನೆಲೆ ಎರಡನೆಯ ಸಾಕ್ಷಿ. ಎಂಬ್ಲಿಕಾ ಭಾರತದ ಉದ್ದಗಲಕ್ಕೂ, ಆಚೆ ಆಗ್ನೇಯ ಏಷ್ಯಾದವರೆಗೂ ಹರಡಿರುವ ಮರ. ನಮ್ಮಲ್ಲಿ ಎಲೆಯುದುರುವ ಕಾಡು, ಹುಲ್ಲಿನ ನಡುವೆ ಮರ ಚದುರಿರುವ ಬೆಟ್ಟದ ಇಳಿಜಾರು ಅದರ ಮನೆ. ಇಟ್ಟುನೆಲ್ಲಿ ದಕ್ಷಿಣ ಭಾರತಕ್ಕೆ ಸೀಮಿತ; ಬೆಟ್ಟದ ತಪ್ಪಲಿನ ಕುರುಚಲು ಕಾಡು, ಒಣ ಮುಳ್ಳುಕಾಡು ಅದಕ್ಕೆ ಹಿತ. ಬಿಳಿಗಿರಿರಂಗನ ಬೆಟ್ಟದಲ್ಲಿ ಕೆಳಗಿನ ಒಣ ಪಟ್ಟಿಯಿಂದ ಮೇಲೇರುತ್ತ ಹೋದರೆ ಎರಡೂ ಸಿಗುತ್ತವೆ. ಆದರೆ ನೆಲೆ ಸುಳಿವು ಕೊಡುತ್ತದೆಯೇ ಹೊರತು ತೀರ್ಮಾನವನ್ನಲ್ಲ. ಎಲೆ ಒಂದು ಹೇಳಿ ಜಾಗ ಇನ್ನೊಂದು ಹೇಳಿದರೆ ಎಲೆಯನ್ನೇ ನಂಬಿ.

ಕಾಯಿಯ ಸರದಿ ಈಗ. ಎರಡರಲ್ಲೂ ಕಾಯಿ ಗುಂಡಗೆ, ಮೇಲೆ ಕೆಳಗೆ ತುಸು ಒತ್ತಿದಂತೆ, ಮೈಮೇಲೆ ಆರು ಮಸುಕು ಗೆರೆ, ತೊಟ್ಟು ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಕಾಡಿನ ಎಂಬ್ಲಿಕಾದ ಕಾಯಿ ಸಾಮಾನ್ಯವಾಗಿ 1.5 ರಿಂದ 2.5 ಸೆಂ.ಮೀ. ಅಡ್ಡಳತೆಯದು. ಇಟ್ಟುನೆಲ್ಲಿಯದು ಅದಕ್ಕಿಂತ ದಪ್ಪ. ಕಾಡಿನೊಳಗೆ ಈ ವ್ಯತ್ಯಾಸ ಉಪಯೋಗಕ್ಕೆ ಬರುತ್ತದೆ. ಕಾಡಿನಂಚಿಗೆ ಬಂದರೆ ಕೈಕೊಡುತ್ತದೆ. ಚಕೈಯ, ಕೃಷ್ಣ, ಕಾಂಚನ, ಎನ್‌ಎ 7, ಬಿಎಸ್‌ಆರ್ 1 ಮುಂತಾದ ಕಸಿ ತಳಿಗಳೆಲ್ಲ ಎಂಬ್ಲಿಕಾವೇ. ಅವುಗಳ ಕಾಯಿ ನಿಂಬೆಹಣ್ಣಿನ ಗಾತ್ರಕ್ಕೂ ಬೆಳೆಯುತ್ತದೆ. ತೋಟದ ಬೇಲಿ ಪಕ್ಕ ದಪ್ಪ ಕಾಯಿಯ ನೆಲ್ಲಿ ಕಂಡ ತಕ್ಷಣ ಇಟ್ಟುನೆಲ್ಲಿ ಎಂದು ಬರೆದುಕೊಳ್ಳುವುದು ಬಹಳ ಸಾಮಾನ್ಯವಾದ ತಪ್ಪು. ಕಾಂಡದ ಕೆಳಭಾಗದಲ್ಲಿ ಕಸಿಯ ಗುರುತು, ಅಂದರೆ ತೊಗಟೆ ಮೇಲೆ ಕೆಳಗೆ ಬೇರೆ ಬೇರೆಯಾಗಿ ಕಾಣುವ ಉಬ್ಬು, ಇದೆಯೇ ಹುಡುಕಿ. ಆಮೇಲೆ ಎಲೆ ಅಳೆಯಿರಿ. ಕಾಯಿ ಎಷ್ಟೇ ದಪ್ಪಗಿರಲಿ, ತಳಿಯ ಎಲೆ ಸಪೂರವಾಗಿಯೇ ಇರುತ್ತದೆ.

ತೊಗಟೆಯಿಂದ ಈ ಎರಡನ್ನು ಬೇರೆ ಮಾಡಲು ಹೋಗಬೇಡಿ. ಎಂಬ್ಲಿಕಾದ ತೊಗಟೆ ಬೂದುಬಣ್ಣದ್ದು, ತೆಳುವಾದ ಚಕ್ಕೆಗಳಾಗಿ ಕಳಚಿ ಒಳಗಿನ ಹೊಸ ಮೈ ಕಾಣಿಸುತ್ತದೆ; ನೆಲ್ಲಿ ಎನ್ನಲು ಇದು ಒಳ್ಳೆಯ ಗುರುತೇ. ಆದರೆ ನೆಲಬೆಂಕಿ ತಾಗಿದ ಮರದಲ್ಲಿ ಬುಡದ ತೊಗಟೆ ಕರಿಕಟ್ಟಿ ಒರಟಾಗುತ್ತದೆ. ಒಣಕಾಡಿನಲ್ಲಿ ಬೆಂಕಿ ಕಾಣದ ಮರ ಅಪರೂಪ.

ಹೂ ಸಿಕ್ಕರೆ

ನೆಲ್ಲಿ ಹೊಸ ಕಡ್ಡಿಯ ಜೊತೆಗೇ ಬೇಸಿಗೆಯಲ್ಲಿ ಹೂ ಬಿಡುತ್ತದೆ. ಹೂ ಹಸಿರುಹಳದಿ, ಕೆಲವೇ ಮಿ.ಮೀ. ಅಗಲ, ದಳಗಳೇ ಇಲ್ಲ. ಇರುವುದು ಆರು ಪುಷ್ಪಪತ್ರ. ಗಂಡು ಹೂ ಹೆಣ್ಣು ಹೂ ಒಂದೇ ಮರದಲ್ಲಿ, ಬೇರೆ ಬೇರೆಯಾಗಿ. ಸಣ್ಣ ತೊಟ್ಟಿನ ಗಂಡು ಹೂಗಳು ಕಡ್ಡಿಯ ಕೆಳಭಾಗದಲ್ಲಿ ಗೊಂಚಲಾಗಿ ಲೆಕ್ಕವಿಲ್ಲದಷ್ಟು. ಹೆಣ್ಣು ಹೂಗಳು ಮೇಲ್ಭಾಗದಲ್ಲಿ, ಕೆಲವೇ. ಗಂಡು ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಮೂರು ಕೇಸರ ಒಂದೇ ಕಂಬವಾಗಿ ಬೆಸೆದಿರುವುದು ಕಾಣುತ್ತದೆ. ಒಣಗಿದ ಹೂ ಮುಟ್ಟಿದರೆ ಪುಡಿಯಾಗುತ್ತದೆ. ಅದನ್ನು ಬಿಸಿನೀರಿನಲ್ಲಿ ಐದರಿಂದ ಹತ್ತು ನಿಮಿಷ ನೆನೆಸಿ, ಆಮೇಲೆ ಸೂಜಿಯಿಂದ ಬಿಡಿಸಿ.

ಹೂ ಉದುರಿ ತಿಂಗಳುಗಳು ಕಳೆದರೂ ಕಾಯಿ ಕಾಣದಿದ್ದರೆ ಮರ ಬರಡು ಎಂದುಕೊಳ್ಳಬೇಡಿ. ನೆಲ್ಲಿಯ ಅಂಡಾಶಯ ಬೇಸಿಗೆಯಿಡೀ ಬೆಳೆಯದೆ ಸುಮ್ಮನಿದ್ದು, ಮಳೆಗಾಲದಲ್ಲಿ ಊದತೊಡಗುತ್ತದೆ.

ಎರಡು ಸುಳ್ಳು ಗುರುತುಗಳು ಕಾಡಿನಲ್ಲಿ ಪದೇಪದೇ ಮೋಸ ಮಾಡುತ್ತವೆ. ನೆಲ್ಲಿಯ ಮೇಲೆ ದಪ್ಪ, ಅಗಲ ಎಲೆಯ ಕೊಂಬೆ ಕಂಡರೆ ಅದು ಬಂದಳಿಕೆ. ಸೋಲಿಗರು ಉಪ್ಪಿಲು ಎನ್ನುವುದು ಇದನ್ನೇ. ಬಿಳಿಗಿರಿರಂಗನ ಬೆಟ್ಟದ ನೆಲ್ಲಿಗಳಿಗೆ ಇದರ ಕಾಟ ಹೆಚ್ಚು. ದೂರದ ಫೋಟೋದಲ್ಲಿ ಮರವೇ ಬೇರೆ ಎಂಬಂತೆ ಕಾಣುತ್ತದೆ. ಬಂದಳಿಕೆ ರೆಂಬೆಗೆ ಕೂತ ಜಾಗದಲ್ಲಿ ಊದಿದ ಗಂಟಿರುತ್ತದೆ, ನೋಡಿಕೊಳ್ಳಿ. ಎರಡನೆಯದು ಚಿಗುರಿನ ತುದಿಯ ಕೆಳಗೆ ಕಾಣುವ ಉದ್ದನೆಯ ಬಾವು. ಅದು ಕಾಂಡದೊಳಗೆ ಸೇರಿದ ಹುಳದ ಕೆಲಸ, ಜಾತಿಲಕ್ಷಣವಲ್ಲ. ಸೀಳಿದರೆ ಹುಳವೋ ಅದರ ಟೊಳ್ಳು ದಾರಿಯೋ ಸಿಗುತ್ತದೆ.

ಗೊರಟೆಯನ್ನು ಬಿಡಬೇಡಿ

ಕಾಯಿ ಮುಗಿದ ಕಾಲದಲ್ಲಿ ಮರದ ಬುಡದ ನೆಲ ಕೆದಕಿ. ಜಿಂಕೆ, ಕಾಡುಕುರಿಗಳು ನೆಲ್ಲಿಕಾಯಿ ನುಂಗಿ, ಮೆಲುಕು ಹಾಕುವಾಗ ಗೊರಟೆಯನ್ನು ಉಗುಳುತ್ತವೆ. ಹೀಗಾಗಿ ಅವು ಮಲಗುವ ಜಾಗದಲ್ಲಿ ಗೊರಟೆಗಳ ಗುಂಪೇ ಸಿಗಬಹುದು. ನೆಲ್ಲಿಯ ಗೊರಟೆಗೆ ಆರು ಏಣು, ಒಳಗೆ ಮೂರು ಕೋಣೆ, ಕೋಣೆಗೆ ಎರಡರಂತೆ ಆರು ಬೀಜ. ಒಂದೆರಡು ಜೊಳ್ಳಾಗಿರುವುದೂ ಉಂಟು. ಹಸಿ ಗೊರಟೆಯನ್ನು ಒಡೆಯಲು ಸುತ್ತಿಗೆ ಎತ್ತಬೇಡಿ, ಬೀಜ ಜಜ್ಜಿಹೋಗುತ್ತದೆ. ತಿರುಳು ತೆಗೆದು ಕೆಲವು ದಿನ ಬಿಸಿಲಿಗೆ ಹರಡಿದರೆ ತಾನೇ ಸಿಡಿದು ಬಾಯಿ ಬಿಡುತ್ತದೆ. ಸಿಡಿದಾಗ ಬೀಜ ದೂರ ಹಾರುತ್ತದೆ, ಮೇಲೆ ತೆಳು ಬಟ್ಟೆ ಹೊದಿಸಿಡಿ. ನರ್ಸರಿ ಮಾಡುವವರು ಬೀಜ ಸಂಗ್ರಹಿಸುವಾಗಲೇ ತಾಯಿಮರದ ಎಲೆಕಡ್ಡಿಯೊಂದನ್ನು ಅದೇ ಪೊಟ್ಟಣದಲ್ಲಿ ಹಾಕಿಡಲಿ. ಇಲ್ಲದಿದ್ದರೆ ಎರಡು ಜಾತಿಯ ಬೀಜ ಕಲೆತು, ಇಟ್ಟುನೆಲ್ಲಿ ನೆಡಬೇಕಾದ ಕುರುಚಲಿನಲ್ಲಿ ಎಂಬ್ಲಿಕಾ ನೆಟ್ಟಂತಾಗುತ್ತದೆ.

ನೆಲ್ಲಿಯಂತೆ ಕಾಣುವ ಇತರ ಮರ, ಪೊದೆ

ಎಲೆ ಮಾತ್ರ ನೋಡುವವರನ್ನು ಫಿಲ್ಲಾಂಥಸ್ ಪಾಲಿಫಿಲ್ಲಸ್ ಸುಲಭವಾಗಿ ಏಮಾರಿಸುತ್ತದೆ. ಒಣ ಬೆಟ್ಟಗಳ ಈ ಪೊದೆ ಅಥವಾ ಸಣ್ಣ ಮರಕ್ಕೂ ಎಂಬ್ಲಿಕಾದಂತೆ ಒತ್ತೊತ್ತಾದ ಪುಟ್ಟ ಎಲೆ. ಕಾಯಿ ನೋಡಿದ ಕೂಡಲೇ ಗೊಂದಲ ತೀರುತ್ತದೆ: ತಿರುಳಿಲ್ಲ, ಚಿಕ್ಕದು, ಒಣಗಿ ಸಿಡಿಯುವಂಥದ್ದು. ಕಾಯಿ ಇಲ್ಲದ ಕಾಲದಲ್ಲಿ ಕಂಡರೆ ಗಿಡಕ್ಕೆ ಗುರುತು ಹಾಕಿ ಮಳೆಗಾಲದ ಕೊನೆಗೆ ಮತ್ತೆ ಬನ್ನಿ.

ಹಳ್ಳದ ದಂಡೆಯಲ್ಲಿ, ಬೇಲಿಯಲ್ಲಿ ಹಬ್ಬುವ ಫಿಲ್ಲಾಂಥಸ್ ರೆಟಿಕ್ಯುಲೇಟಸ್‌ಗೂ ಕಡ್ಡಿಯ ರಚನೆ ಇದೇ. ಎಲೆ ಬಹಳ ಅಗಲ, ಹಣ್ಣು ಬಟಾಣಿಗಿಂತ ಚಿಕ್ಕದು, ಮಾಗಿದಾಗ ನೇರಳೆಗಪ್ಪು, ಹಿಸುಕಿದರೆ ಬಣ್ಣ ಅಂಟುತ್ತದೆ.

ಹಿತ್ತಲಿನ ರಾಜನೆಲ್ಲಿ ಫಿಲ್ಲಾಂಥಸ್ ಅಸಿಡಸ್. ಇದು ನಮ್ಮ ಕಾಡಿನದಲ್ಲ, ಹೊರಗಿನಿಂದ ಬಂದು ಮನೆಯಂಗಳದಲ್ಲಿ ನೆಲೆಯಾದದ್ದು. ಕಾಡಿನೊಳಗೆ ಕಂಡರೆ ಹತ್ತಿರದಲ್ಲೆಲ್ಲೋ ಹಳೆಯ ಮನೆಯ ಅಡಿಪಾಯ ಇದ್ದೀತು. ಎಲೆ ಮೊಟ್ಟೆಯಾಕಾರ, ತುದಿ ಚೂಪು, 2 ರಿಂದ 7 ಸೆಂ.ಮೀ. ಉದ್ದ. ಹೂ ನಸುಗೆಂಪು, ಪುಷ್ಪಪತ್ರ ನಾಲ್ಕು. ಹೂಕಾಯಿ ಎರಡೂ ಎಲೆಯಿಲ್ಲದ ಹಳೆಯ ಕೊಂಬೆಯ ಮೇಲೆ ಜೋತುಬೀಳುತ್ತವೆ. ಕಾಯಿಯ ಮೇಲೆ ಆರರಿಂದ ಎಂಟು ಸ್ಪಷ್ಟ ಏಣು. ಇದನ್ನು ಕಾಡುನೆಲ್ಲಿಯೊಂದಿಗೆ ಬೆರೆಸುವುದು ಹೆಸರಿನಿಂದಲೇ ಹೊರತು ಕಣ್ಣಿನಿಂದಲ್ಲ.

ನೆಲದ ನೆಲ್ಲಿಗಳು

ಇಲ್ಲಿ ಕೈಮಸೂರ ಇಲ್ಲದೆ ಕೆಲಸ ಸಾಗದು. ಮೊದಲು ಕಾಂಡ ಮುರಿದು ನೋಡಿ. ಬಿಳಿ ಹಾಲು ಒಸರಿದರೆ ಅದು ನೆಲನೆಲ್ಲಿ ಅಲ್ಲ, ಯೂಫೋರ್ಬಿಯಾ ಗುಂಪಿನ ಕಳೆ, ಬಿಸಾಡಿ. ಹಾಲಿಲ್ಲದಿದ್ದರೆ ಎಲೆಗಳು ಎಲ್ಲಿವೆ ನೋಡಿ. ನಡುಕಾಂಡದ ಮೇಲೆಯೇ ಸುತ್ತಲೂ ಎಲೆ ಇದ್ದು, ಎಲೆ ಬುಡದಲ್ಲಿ ಕಿರಿದಾಗಿ ತುದಿಗೆ ಅಗಲವಾಗುವ ಬೆಣೆಯಂತಿದ್ದರೆ ಫಿಲ್ಲಾಂಥಸ್ ಮದರಾಸ್‌ಪಟೆನ್ಸಿಸ್. ಎಲೆಗಳೆಲ್ಲ ಪಕ್ಕದ ಕಡ್ಡಿಗಳ ಮೇಲೆ ಮಾತ್ರ ಇದ್ದರೆ ಮುಂದಿನ ಹೆಜ್ಜೆ.

ಕಡ್ಡಿಯನ್ನು ತಿರುಗಿಸಿ ಅಡಿಯಲ್ಲಿ ಸಾಲಾಗಿ ಕೂತ ಕಾಯಿಗಳನ್ನು ನೋಡಿ. ಕಾಯಿ ನಯವಾಗಿ, ಕಣ್ಣಿಗೆ ಕಾಣುವ ತೊಟ್ಟಿನ ತುದಿಯಲ್ಲಿದ್ದು, ಅದಕ್ಕೆ ಅಂಟಿದ ಪುಷ್ಪಪತ್ರ ಐದಿದ್ದರೆ ಫಿಲ್ಲಾಂಥಸ್ ಅಮರಸ್. ಆರು ಇದ್ದರೆ ಫ್ರಾಟರ್ನಸ್ ಅಥವಾ ಡೆಬಿಲಿಸ್ ಇರಬಹುದು. ಕಾಯಿ ಕಡ್ಡಿಗೇ ಅಂಟಿಕೂತು, ಮೈ ತರಿತರಿಯಾಗಿ, ಕಾಂಡ ಕೆಂಪು ಛಾಯೆಯಲ್ಲಿ ಏಣಾಗಿದ್ದರೆ ಯುರಿನೇರಿಯಾ. ಸಂಶಯ ಉಳಿದರೆ ಬೀಜಕ್ಕೆ ಹೋಗಿ. ಬಲಿತ ಕಾಯಿಯನ್ನು ಬಿಳಿ ಕಾಗದದ ಮೇಲೆ ಒತ್ತಿ. 1 ಮಿ.ಮೀ. ಆಸುಪಾಸಿನ ಬೀಜದ ಬೆನ್ನಿನ ಮೇಲೆ ಅಮರಸ್‌ನಲ್ಲಿ ಉದ್ದಕ್ಕೆ ಗೆರೆ, ಯುರಿನೇರಿಯಾದಲ್ಲಿ ಅಡ್ಡಕ್ಕೆ ಗೆರೆ. ಇದಕ್ಕಿಂತ ಗಟ್ಟಿ ಗುರುತು ಈ ಗುಂಪಿನಲ್ಲಿ ಬೇರೆ ಇಲ್ಲ. ಪುಷ್ಪಪತ್ರ ಎಣಿಸುವಾಗ ಕನಿಷ್ಠ ಐದು ಕಾಯಿ ನೋಡಿ, ಒಂದೆರಡು ಉದುರಿರುತ್ತವೆ. ಔಷಧಿ ಪೊಟ್ಟಣಗಳ ಮೇಲೆ ಕಾಣುವ ನಿರೂರಿ ಎಂಬ ಹೆಸರನ್ನು ನಂಬಬೇಡಿ. ನಿಜವಾದ ಫಿಲ್ಲಾಂಥಸ್ ನಿರೂರಿ ಅಮೆರಿಕ ಖಂಡದ ಗಿಡ. ನಮ್ಮಲ್ಲಿ ಆ ಹೆಸರಿನಲ್ಲಿ ಹೋಗುವುದು ಬಹುತೇಕ ಅಮರಸ್ ಮತ್ತದರ ಬಳಗ.

ಇಂಗ್ಲಿಷಿನ ಗೂಸ್‌ಬೆರಿ ಎಂಬ ಪದ ಹಿಡಿದು ಹುಡುಕಿದರೆ ಇವುಗಳಿಗೆ ಸಂಬಂಧವೇ ಇಲ್ಲದ ಗಿಡಗಳ ಚಿತ್ರ ಬರುತ್ತವೆ. ಯುರೋಪಿನ ಗೂಸ್‌ಬೆರಿ ರೈಬಿಸ್ ಕುಲದ ಮುಳ್ಳುಪೊದೆ. ಕೇಪ್ ಗೂಸ್‌ಬೆರಿ ಬದನೆ, ಟೊಮೆಟೊ ಕುಟುಂಬದ್ದು, ಹಣ್ಣಿನ ಸುತ್ತ ಕಾಗದದಂಥ ಪೊರೆಯ ಬುಡ್ಡೆ ಇರುತ್ತದೆ. ಅಂತರ್ಜಾಲದಲ್ಲಿ ಹುಡುಕುವಾಗ ಲ್ಯಾಟಿನ್ ಹೆಸರನ್ನೇ ಹಾಕಿ.

ದಾಖಲೆ ಮಾಡುವಾಗ

ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಕಡ್ಡಿ ಮುರಿಯುವಂತಿಲ್ಲ. ಮುರಿಯುವ ಅಗತ್ಯವೂ ಇಲ್ಲ. ಫೋಟೋ ಸರಿಯಾಗಿದ್ದರೆ ಸಾಕು. ಇಡೀ ಮರ, ಎಲೆಕಡ್ಡಿಯ ಮೇಲ್ಮೈ, ಅದರ ಅಡಿ, ಕಡ್ಡಿ ರೆಂಬೆಗೆ ಸೇರುವ ಜಾಗ, ಕಾಯಿ ಪಕ್ಕದಿಂದ ಒಂದು ಮತ್ತು ತುದಿಯಿಂದ ಒಂದು. ಎಲೆ, ಕಾಯಿಯ ಚಿತ್ರದಲ್ಲಿ ಮಿ.ಮೀ. ಪಟ್ಟಿ ಇರಲೇಬೇಕು. ನಾಣ್ಯ ಇಟ್ಟರೆ ಸಾಲದು, ಆಮೇಲೆ ನೋಡುವವರಿಗೆ ಅದು ಯಾವ ನಾಣ್ಯ ಎಂಬುದೇ ತಿಳಿಯುವುದಿಲ್ಲ. ಫೋನನ್ನು ಎಲೆಗೆ ಸಮಾನಾಂತರವಾಗಿ ಹಿಡಿಯಿರಿ. ಓರೆಯಾದರೆ ಅಗಲ ಕಡಿಮೆ ಕಂಡು, ಇಟ್ಟುನೆಲ್ಲಿ ಎಂಬ್ಲಿಕಾ ಆಗಿಬಿಡುತ್ತದೆ.

ಜೊತೆಗೆ ದಿನಾಂಕ, ಎತ್ತರ, ಕಾಡಿನ ಬಗೆ, ಸುತ್ತಲಿನ ಮೂರು ನಾಲ್ಕು ಮರಗಳ ಹೆಸರು, ಬೆಂಕಿ ಅಥವಾ ಕಡಿತದ ಗುರುತು ಬರೆಯಿರಿ. ಸ್ಥಳೀಯರು ಹೇಳುವ ಹೆಸರನ್ನು ಅವರ ಉಚ್ಚಾರದಲ್ಲೇ ಬರೆದುಕೊಳ್ಳಿ, ನೀವು ತಿದ್ದಬೇಡಿ. ನೆಲ್ಲಿ ಎಂದಷ್ಟೇ ಹೇಳಿದರೆ, ಇದರಲ್ಲಿ ಬೇರೆ ಬಗೆ ಇದೆಯೇ, ಎಲ್ಲಿ ಸಿಗುತ್ತದೆ, ಎಲೆ ಹೇಗೆ ಎಂದು ಕೇಳಿ. ಕಾಯಿ ಕೊಯ್ಯುವ ಮನೆಯವರು ಮರವನ್ನು ದೂರದಿಂದಲೇ ತೋರಿಸಿ ಹೇಳುತ್ತಾರೆ. ಅವರು ಹೇಳಿದ್ದಕ್ಕೂ ನಿಮ್ಮ ಮೂವತ್ತು ಎಲೆಯ ಸರಾಸರಿಗೂ ತಾಳೆಯಾಗದಿದ್ದರೆ, ಮೊದಲು ನೀವು ಚಿಗುರಿನ ಎಲೆ ಅಳೆದಿರೇನೋ ಎಂದು ನೋಡಿಕೊಳ್ಳಿ.